ಆಡುಸೋಗೆಯ ಅರ್ಥಕ್ಕೆ ಜಕಾತಿ

ಔಷಧದ ಅಂಗಡಿಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಮಿರಜ ಪೇಟೆಯ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಒಂದು ವಾರ ಕೂತಿರಬೇಕಾಗಿತ್ತು. ಅಲ್ಲಿ ಏನಾದರೊಂದು ನಡೆಯುತ್ತಲೇ ಇತ್ತು. ಯಾಕೆ ನಡೆಯಿತು ಎಂದು ಹುಡುಕುತ್ತ ಹೋದರೆ ಕೊನೆಗೆ ಸಿಗುತ್ತಿದ್ದವರು ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ತಂದೆ ಬೇಗ ತೀರಿಕೊಂಡಿದ್ದರಿಂದ ಅಂಗಡಿ ನಡೆಸುತ್ತಿದ್ದವರು ಅವರೇ. ಅರಿಶಿನ, ಬೆಲ್ಲ, ಒಣಗಿದ ಬೇರು, ತೊಗಟೆ, ಎಲೆ ಎಲ್ಲ ನಮ್ಮಲ್ಲಿ ಸಿಗುತ್ತಿತ್ತು. ಆಗಷ್ಟೇ ಮದುವೆಯಾಗಿ ಮೀಸೆ ತಿರುವುತ್ತಿದ್ದ ನಾನು ತಕ್ಕಡಿ ಹಿಡಿಯುತ್ತಿದ್ದೆ, ಕಾಕಾ ಮಾತು ಹಿಡಿಯುತ್ತಿದ್ದರು.

ಅದು ಸಂಸ್ಥಾನಗಳ ಕಾಲ. ಮಿರಜಕ್ಕೆ ಒಬ್ಬ ರಾಜರು, ಕೂಗಿದರೆ ಕೇಳುವಷ್ಟು ಹತ್ತಿರದ ಸಾಂಗಲಿಗೆ ಇನ್ನೊಬ್ಬ ರಾಜರು. ಎರಡರ ನಡುವೆ ವಿಶ್ರಾಮಬಾಗದ ಈಚೆ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ ಒಂದು ಜಕಾತಿ ನಾಕಾ. ಏನೇ ಸಾಮಾನು ಆ ಕಡೆ ಹೋಗಲಿ, ಈ ಕಡೆ ಬರಲಿ, ನಾಕಾದ ಕಾರಕೂನನಿಗೆ ಸುಂಕ ಕೊಟ್ಟೇ ದಾಟಬೇಕು. ಈಗ ಆ ರಾಜರೂ ಇಲ್ಲ, ಹಗ್ಗವೂ ಇಲ್ಲ. ಇವನ್ನೆಲ್ಲ ನೆನೆದರೆ ನನಗೆ ಮೊದಲು ನಗು ಬರುತ್ತದೆ. ಆಮೇಲೆ ಬರುವುದು ನಗುವಲ್ಲ.

ಮೊದಲು ಅರ್ಥ, ಆಮೇಲೆ ಎಲೆ

ಕಾಕಾನ ಅಂಗಡಿಗೆ ಒಂದು ಕಟ್ಟಳೆ ಇತ್ತು. ಕೆಮ್ಮಿಗೆ ಆಡುಸೋಗೆ ಬೇಕೆಂದು ಬಂದವರಿಗೆ ಅದರ ಹೆಸರಿನ ಅರ್ಥ ಹೇಳದೆ ಎಲೆ ಕೊಡುತ್ತಿರಲಿಲ್ಲ. ಪೊಟ್ಟಣ ಕಟ್ಟಿ, ದಾರ ಸುತ್ತಿ, ಗಿರಾಕಿಯ ಕೈಯಳತೆಗಿಂತ ಒಂದು ಗೇಣು ಈಚೆ ಹಿಡಿದುಕೊಂಡು ಶುರು ಮಾಡುತ್ತಿದ್ದರು.

"ಆಡು ಅಂದ್ರ ಏನ್ರಿ? ಮೇಕಿ. ಸೋಗಿ ಅಂದ್ರ? ಎಲಿ. ಈ ಆಡು ಅನ್ನೋ ಪ್ರಾಣಿ ಜಾಲಿ ಮುಳ್ಳ ತಿಂತೈತಿ, ಬೇವು ತಿಂತೈತಿ, ಬಿಟ್ರ ನಿಮ್ಮ ಧೋತರಾನೂ ತಿಂತೈತಿ. ಇದೊಂದು ಎಲಿ ಮಾತ್ರ ಮುಟ್ಟಂಗಿಲ್ಲ. ಆಡು ಮುಟ್ಟದ ಸೊಪ್ಪು ಅಂತನೂ ಇದಕ್ಕ ಹೆಸರು. ಆಡು ಒಲ್ಲೆ ಅಂದಿದ್ದನ್ನ ಮನಶ್ಯಾ ಕುಡಿದು ಬದುಕತಾನ. ಈಗ ಹೇಳ್ರಿ, ಹೆಸರಿಟ್ಟಾಂವ ಶಾಣ್ಯಾ ಹೌದೋ ಅಲ್ಲೋ?"

ಗಿರಾಕಿ "ಹೌದ್ರಿ" ಅನ್ನಬೇಕು. ಬಂದವರಿಗೆ ಕೆಮ್ಮು, ಬಾಯಿ ತೆರೆದರೆ ಮಾತಿನ ಬದಲು ಕೆಮ್ಮೇ ಬರುವುದು. ಬರೀ ತಲೆ ಅಲ್ಲಾಡಿಸಿದರೆ ಕಾಕಾ ಒಪ್ಪುತ್ತಿರಲಿಲ್ಲ. ಎಷ್ಟೋ ಜನ ಕಣ್ಣಲ್ಲಿ ನೀರು ತಂದುಕೊಂಡು ಆ ಒಂದು "ಹೌದ್ರಿ" ಹೊರಡಿಸಿ ಪೊಟ್ಟಣ ಕಸಿದುಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

ಇದು ವ್ಯಾಪಾರದ ಚಮತ್ಕಾರ ಎಂದು ತಿಳಿಯಬೇಡಿ. ಕಾಕಾ ಚಿಕ್ಕವರಿದ್ದಾಗ ನಾಯಿಕೆಮ್ಮು ಬಂದು ಇವತ್ತು ನಾಳೆ ಅನ್ನುವಂತಾಗಿತ್ತಂತೆ. ನಮ್ಮಜ್ಜಿ ಅವರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಡುಸೋಗೆಯ ಕಷಾಯ ಕುಡಿಸುತ್ತ, ಕಹಿಗೆ ಮುಖ ತಿರುಗಿಸಿದಾಗಲೆಲ್ಲ ಈ ಆಡಿನ ಕಥೆ ಹೇಳುತ್ತಿದ್ದಳಂತೆ. ಮಗ ಬದುಕಿದ. ಅಜ್ಜಿ ಹೋದಳು. ಕಾಕಾನಿಗೆ ತಾಯಿಯ ಕಡೆಯಿಂದ ಉಳಿದಿದ್ದು ಈ ಒಂದು ಮಾತು. ಪೇಟೆಯಲ್ಲಿ ದಿನದಿನಕ್ಕೆ ಮರಾಠಿ ಹೆಚ್ಚಾಗಿ, ನಮ್ಮ ಮನೆಯ ಮಕ್ಕಳೇ ಗಿಡಕ್ಕೆ ಅಡುಳಸಾ ಅನ್ನತೊಡಗಿದಾಗ ಅವರು ಸಿಟ್ಟಾಗುತ್ತಿರಲಿಲ್ಲ. "ಅನ್ರಿ, ಅನ್ರಿ. ಅದರಾಗೂ ನಮ್ಮವ್ವನ ಆಡೇ ಕುಂತೈತಿ" ಅನ್ನುತ್ತಿದ್ದರು.

ಆರಗದಿಂದ ಒಬ್ಬ ರೈತ ಬರುತ್ತಿದ್ದ. ಮನೆ ತುಂಬ ಕೆಮ್ಮುವ ಮಂದಿ ಅವನಿಗೆ. ಮೊದಲ ಸಲ ಅರ್ಥ ಪೂರ್ತಿ ಕೇಳಿದ, ಎರಡನೆಯ ಸಲವೂ ಕೇಳಿದ. ಮೂರನೆಯ ಸಲ ಹೊರಗೆ ಬಂಡಿಯ ಎತ್ತುಗಳು ಬಿಸಿಲಲ್ಲಿ ನಿಂತಿದ್ದವು, ಕಾಕಾ ಪೊಟ್ಟಣ ಹಿಂದಕ್ಕೆ ಹಿಡಿದು "ಆಡು ಅಂದ್ರ ಏನ್ರಿ?" ಎಂದರು. ಅವನು ಕೈಮುಗಿದ.

"ಕಾಕಾ, ಹ್ವಾದ ಸಲದ ಅರ್ಥ ಮನ್ಯಾಗ ಇನ್ನೂ ಉಳದೈತ್ರಿ. ಇವತ್ತ ಬರೇ ಎಲಿ ಕೊಡ್ರಿ."

ಹೂವಿನೊಳಗಿನ ಸಿಂಹ

ಕಾಕಾನ ಈ ಅರ್ಥಕ್ಕೆ ಊರಿನಲ್ಲಿ ಒಬ್ಬರೇ ಒಬ್ಬರು ವಿರೋಧಿ. ಅವರು ಕಾಕಾನ ಜೀವದ ಗೆಳೆಯರೂ ಹೌದು. ಸಾಂಗಲಿಯಲ್ಲಿ ಮನೆ ಮಾಡಿಕೊಂಡು, ದಿನಾ ರೈಲಿನಲ್ಲಿ ಬಂದು ಮಿರಜದ ಮರಾಠಿ ಸಾಲೆಯಲ್ಲಿ ಕಲಿಸುತ್ತಿದ್ದ ಮಾಸ್ತರರು. ತಾಯಿಯ ತವರು ಕನ್ನಡ ನಾಡಿನದು, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಕುಡಿದು ಕುಡಿದು ಅವರಿಗೆ ಕೆಮ್ಮು ಅಂಟಿಕೊಂಡಿತ್ತು. ಸಾಲೆ ಬಿಟ್ಟ ಮೇಲೆ ಸಂಜೆಯ ರೈಲು ಬರುವವರೆಗೆ ನಮ್ಮ ಕಟ್ಟೆಯ ಮೇಲೆ ಕೂತು, ಕಾಕಾ ಕಾಸಿಟ್ಟ ಕಷಾಯ ಕುಡಿಯುವುದು, ಕುಡಿದು ಬಂದ ಕಸುವಿನಲ್ಲಿ ಕಾಕಾನ ಜೊತೆಗೇ ಜಗಳ ಆಡುವುದು, ಇದು ಅವರ ದಿನಚರಿ.

"ಆಡೂ ಇಲ್ಲ, ಗೀಡೂ ಇಲ್ಲ ಶೇಟಜಿ" ಅನ್ನುತ್ತಿದ್ದರು ಮಾಸ್ತರರು. "ಸಂಸ್ಕೃತದಾಗ ಇದಕ್ಕ ಆಟರೂಷ ಅಂತಾರ. ಅದೇ ಸವೆದು ಅಡುಳಸಾ ಆಗ್ಯದ. ವಾಸಾ ಅಂತಾರ. ವೃಷ ಅಂತಾರ, ಅಂದ್ರ ಗೂಳಿ. ವಾಜಿದಂತ, ಕುದುರಿ ಹಲ್ಲು. ಸಿಂಹಾಸ್ಯ, ಸಿಂಹದ ಬಾಯಿ. ಇಷ್ಟೆಲ್ಲಾ ದೊಡ್ಡ ದೊಡ್ಡ ಪ್ರಾಣಿ ಬಿಟ್ಟು ನೀವು ಆಡಿನ ಬಾಲ ಹಿಡದೀರಿ."

"ಸಿಂಹಕ್ಕೂ ಕೆಮ್ಮಿಗೂ ಏನ್ ಸಂಬಂಧ್ರಿ?"

"ಹೂವು ನೋಡ್ರಿ. ಸಿಂಹ ಬಾಯಿ ತಗದಾಂಗ ಇರ್ತದ."

ಮರುದಿನ ಕಾಕಾ ಹಿತ್ತಲಿನಿಂದ ಹೂವಿರುವ ಒಂದು ಟೊಂಗೆಯನ್ನೇ ಮುರಿದು ತಂದು ಅಂಗಡಿಯ ಕಂಬಕ್ಕೆ ಕಟ್ಟಿದರು. ಬಂದುಹೋಗುವವರನ್ನೆಲ್ಲ ನಿಲ್ಲಿಸಿ, "ಇದರೊಳಗ ಸಿಂಹ ಕಾಣತೈತೇನ್ ನೋಡ್ರಿ" ಎಂದು ಕೇಳಿದರು. ಬಿಳಿ ಹೂವು, ಮೇಲೊಂದು ತುಟಿ, ಕೆಳಗೊಂದು ತುಟಿ, ಒಳಗೆ ನಸುಗೆಂಪು ಗೆರೆ. ಜನ ಬಗ್ಗಿ ನೋಡಿದರು. ಕೆಲವರು ಕಂಡಿತು ಅಂದರು, ಕೆಲವರು ಇಲ್ಲ ಅಂದರು. ಸಿಂಹವನ್ನು ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಎರಡೂ ಕಡೆ ಸಮಸಮ ಬಂತು. ಕೊನೆಗೆ ಅರಿಶಿನ ಕೊಳ್ಳಲು ಬಂದಿದ್ದ ಒಬ್ಬ ಮುದುಕಿ ಹೂವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಸಿಂಹ ನಾ ಕಂಡಿಲ್ರಿ ಯಪ್ಪಾ. ಆದ್ರ ಇಕಿ ನಮ್ಮತ್ತಿ. ನಾ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಾಗ ಹಿಂಗ ಬಾಯಿ ತಗದು ನಿಂತಿದ್ಲು."

ಹೆಸರಿಲ್ಲದ ವ್ಯಾಪಾರ

ವಾದ ಬೆಳೆದಂತೆ ಇಬ್ಬರೂ ಹಟಕ್ಕೆ ಬಿದ್ದರು. ಮಾಸ್ತರರು "ವಾಸಾ ಕೊಡ್ರಿ" ಅನ್ನುವರು. ಕಾಕಾ "ಆ ಹೆಸರಿನ ಮಾಲು ನಮ್ಮಲ್ಲಿಲ್ಲ" ಅನ್ನುವರು. ಎದುರಿಗೇ ಎಲೆಯ ಚೀಲ ಬಾಯಿ ಬಿಚ್ಚಿಕೊಂಡು ಕೂತಿರುತ್ತಿತ್ತು. ಆಡು ಎನ್ನುವ ಮಾತು ಬಾಯಿಂದ ಬಂದರೆ ಸೋತಂತೆ ಎಂದು ಮಾಸ್ತರರು "ಅದು ಕೊಡ್ರಿ" ಎಂದು ಬೆರಳು ತೋರಿಸುವರು, ಕಾಕಾ "ಯಾವುದರಿ ಅದು?" ಎಂದು ಮೇಲೆ ಜಂತಿ ನೋಡುವರು. ಅಷ್ಟರಲ್ಲಿ ರೈಲು ಸಿಳ್ಳೆ ಹಾಕಿದರೆ ನಾನೇ ಒಂದು ಮುಷ್ಟಿ ಎಲೆ ಮಾಸ್ತರರ ಚೀಲಕ್ಕೆ ತುರುಕಿ ಕಳಿಸುತ್ತಿದ್ದೆ.

ಇದು ಹೀಗೇ ನಡೆದು, ಒಮ್ಮೆ ಮಾಸ್ತರರು ಬರಿಗೈಯಲ್ಲಿ ಮನೆಗೆ ಹೋದರು. ಮರುದಿನ ಅವರ ಹೆಂಡತಿಯೇ ಸಾಂಗಲಿಯಿಂದ ಟಾಂಗಾದಲ್ಲಿ ಬಂದರು. ಆ ತಾಯಿ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತು ಮರಾಠಿಯಲ್ಲಿ ಮೆತ್ತಗೆ ಹೇಳಿದರು. "ನಮ್ಮವರು ರಾತ್ರಿಯೆಲ್ಲ ಕೆಮ್ಮುವುದು ಸಂಸ್ಕೃತದಲ್ಲೂ ಅಲ್ಲ, ಕನ್ನಡದಲ್ಲೂ ಅಲ್ಲ. ಎಲೆ ಕೊಡಿ."

ಕಾಕಾ ಇಡೀ ಚೀಲವನ್ನೇ ಎತ್ತಿ ಟಾಂಗಾದಲ್ಲಿಟ್ಟರು. ಅರ್ಥ ಹೇಳಲಿಲ್ಲ.

ಏಕಾದಶಿ

ಬಾಯಿಮಾತಿನಲ್ಲಿ ಬಗೆಹರಿಯದ್ದನ್ನು ಆಡಿನಿಂದಲೇ ಬಗೆಹರಿಸೋಣ ಎಂದು ಕೊನೆಗೆ ತೀರ್ಮಾನವಾಯಿತು. ಆಡು ಎಲೆ ಮುಟ್ಟದಿದ್ದರೆ ಮಾಸ್ತರರು ಕಟ್ಟೆಯ ಮೇಲೆ ನಿಂತು, ನಾಲ್ಕು ಜನರ ಮುಂದೆ, ಕಾಕಾನ ತಾಯಿ ಹೇಳಿದ್ದೇ ನಿಜ ಅನ್ನಬೇಕು. ಕಾಕಾನಿಗೆ ಬೇಕಾದದ್ದು ಅಷ್ಟೇ. ಅವತ್ತೇ ಮಾಸ್ತರರು "ಆಗಲಿ ಬಿಡ್ರಿ ಶೇಟಜಿ, ನಿಮ್ಮವ್ವ ಹೇಳಿದ್ದೇ ಖರೆ" ಅಂದಿದ್ದರೆ ಅವರದೇನೂ ಗಂಟು ಹೋಗುತ್ತಿರಲಿಲ್ಲ. ಅನ್ನಲಿಲ್ಲ. ಅನ್ನಬಹುದಾಗಿದ್ದ ಹೊತ್ತಿನಲ್ಲಿ ಅನ್ನದೆ ಬಿಟ್ಟ ಮಾತುಗಳು ನಮ್ಮ ಪೇಟೆಯಲ್ಲಿ ಅರಿಶಿನದ ಚೀಲಕ್ಕಿಂತ ಹೆಚ್ಚಿವೆ.

ಸಿತಾರ ಮಾಡುವವರ ಗಲ್ಲಿಯಲ್ಲಿ ಒಬ್ಬ ಖಾಲಾ ಇದ್ದಳು, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಅವಳ ಆಡು ಗಲ್ಲಿಗೆಲ್ಲ ಕುಖ್ಯಾತ. ಸಿತಾರಕ್ಕೆಂದು ಒಣಗಿಸಿಟ್ಟ ಕುಂಬಳಬುರುಡೆಯನ್ನೂ ಹಲ್ಲಿನಿಂದ ಪರೀಕ್ಷಿಸಿ ನೋಡಿದ್ದ ಪ್ರಾಣಿ ಅದು. ಅದನ್ನೇ ನಮ್ಮ ಹಿತ್ತಲಿಗೆ ಕರೆತಂದೆವು. ಮಾಸ್ತರರು ತಮ್ಮ ಸಾಲೆಯ ಅರ್ಧ ವರ್ಗವನ್ನು ಕರೆತಂದಿದ್ದರು. ಆಡು ಬಂದ ಕೂಡಲೆ ಚೆಂಡುಹೂವಿನ ಗಿಡ ತಿಂದಿತು, ಬಾಗಿಲ ತೋರಣ ತಿಂದಿತು, ಕಾಕಾನ ರುಮಾಲಿನ ಚುಂಗನ್ನು ಬಾಯಲ್ಲಿಟ್ಟುಕೊಂಡು ವಿಚಾರ ಮಾಡಿತು. ಆಮೇಲೆ ಆಡುಸೋಗೆಯ ಹತ್ತಿರ ಹೋಗಿ, ಮೂಸಿ, ಸೀನಿ, ಮುಖ ತಿರುಗಿಸಿತು.

ಕಾಕಾ ಕೈಯೆತ್ತಿ ನಿಂತರು. ಹುಡುಗರು ಚಪ್ಪಾಳೆ ತಟ್ಟಿದರು.

"ಹೊಟ್ಟಿ ತುಂಬ್ಯದ" ಅಂದರು ಮಾಸ್ತರರು. "ತೋರಣ ತಿಂದ ಮ್ಯಾಲ ಪಂಚಪಕ್ವಾನ್ನ ಇಟ್ಟರೂ ಅದು ಮುಟ್ಟೋದಿಲ್ಲ. ಮತ್ತ ಇದು ನಿಮ್ಮ ಹಿತ್ತಲ, ನಿಮ್ಮ ಗಿಡ. ನಮ್ಮ ಸಾಂಗಲಿ ಮನೀ ಬೇಲಿ ಪೂರಾ ಇದೇ ಅದ. ಒಂದಿನ ಉಪಾಸ ಕೆಡವಿ ಅಲ್ಲಿ ತರ್ರಿ, ಆಮ್ಯಾಲ ನೋಡೋಣು."

ಮನೆಯ ಬೇಲಿ ತುಂಬ ಇದೇ ಎಲೆ ಇದ್ದರೂ ಮಾಸ್ತರರಿಗೆ ಕಾಕಾನ ಕೈಯ ಎಲೆಯೇ ಬೇಕಾಗಿತ್ತೆಂದು ನನಗೆ ತಿಳಿದದ್ದು ಅವತ್ತೇ. ಕಾಕಾ ಒಪ್ಪಿದರು. ಖಾಲಾಳ ಕಡೆ ತಿರುಗಿ, ಒಂದು ದಿನ ಆಡಿಗೆ ಮೇವು ಹಾಕಬಾರದು ಎಂದು ಕೇಳಿಕೊಂಡರು. ಖಾಲಾ ಹಗ್ಗ ಕೈಗೆ ಸುತ್ತಿಕೊಂಡು ಎದ್ದಳು.

"ಸಾಂಗಲಿಗಿ ಬರ್ತೀವಿ, ಬೇಕಾದ್ರ ಪುಣೆಗಿ ಬರ್ತೀವಿ. ಆದ್ರ ನಮ್ಮ ಆಡು ನಿಮ್ಮ ಏಕಾದಶಿ ಮಾಡಂಗಿಲ್ಲ ಸಾವಕಾರ."

ನಾಕಾ

ಉಪವಾಸವಿಲ್ಲದೆಯೇ ಹೊರಟೆವು. ಮುಂದೆ ಕಾಕಾ, ನಡುವೆ ಆಡು, ಹಿಂದೆ ಖಾಲಾ, ಎಲ್ಲರಿಗಿಂತ ಹಿಂದೆ ಕೊಡೆ ಹಿಡಿದ ನಾನು. ನಾಕಾದಲ್ಲಿ ಕಾರಕೂನ ಹಗ್ಗ ಇಳಿಸಲಿಲ್ಲ. ದಪ್ಪಗೆ, ಕೆಲಸವಿಲ್ಲದೆ ಬೇಸತ್ತಿದ್ದ ಮನುಷ್ಯ.

"ಆಡು ಮಾರಾಕೋ?"

"ಅಲ್ರಿ" ಅಂದರು ಕಾಕಾ.

"ಕೊಯ್ಯಾಕೋ?"

ಖಾಲಾ ಅವನನ್ನು ನೋಡಿದ ನೋಟಕ್ಕೆ ಅವನು ಆ ಪ್ರಶ್ನೆ ಹಿಂದಕ್ಕೆ ತೆಗೆದುಕೊಂಡ.

"ಹೈನಕ್ಕೋ?"

"ಅದಕ್ಕೂ ಅಲ್ರಿ. ಒಂದು ಹೆಸರಿನ ಅರ್ಥ ನೋಡಾಕ ಒಯ್ಯಾಕತ್ತೇವಿ."

ಕಾರಕೂನ ಒಳಗೆ ಹೋಗಿ ದರದ ಹಲಗೆಯನ್ನು ಮೇಲಿಂದ ಕೆಳಗೆ ಓದಿದ. ಮಾರುವ ಪ್ರಾಣಿಗೆ ದರವಿತ್ತು, ಕೊಯ್ಯುವುದಕ್ಕಿತ್ತು, ಸಾಕುವುದಕ್ಕಿತ್ತು. ಅರ್ಥ ನೋಡುವುದಕ್ಕೆ ಇರಲಿಲ್ಲ. ಸಾಂಗಲಿಯ ದೊಡ್ಡ ಕಚೇರಿಗೆ ಕೇಳಿ ಕಳಿಸಬೇಕು ಎಂದ. ಕಾಕಾ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಆಡು ಅಂದ್ರ ಏನು, ಸೋಗಿ ಅಂದ್ರ ಏನು ಎಂದು ಮೊದಲಿನಿಂದ ಶುರು ಮಾಡಿದರು. ಹಿಂದೆ ಹತ್ತಿ ಬಂಡಿಗಳು ಸಾಲಾಗಿ ನಿಂತವು. ಬಂಡಿಯವರು ಕೂಗಾಡತೊಡಗಿದರು. ಕೊನೆಗೆ ಕಾರಕೂನ ತಾನೇ "ಹೌದ್ರಿ, ಶಾಣ್ಯಾ, ಶಾಣ್ಯಾ" ಎಂದು ಕೈಮುಗಿದು ಹಗ್ಗ ಇಳಿಸಿದ. ನಾವು ದಾಟಿದ ಮೇಲೆ ಹಿಂದಿನಿಂದ ಕೂಗಿದ.

"ಹೋಗುವಾಗ ಬಿಟ್ಟೇನಿ ಕಾಕಾ. ಬರುವಾಗ ಅರ್ಥ ಸಿಕ್ಕಿದ್ರ ಅದಕ್ಕ ಜಕಾತಿ ಕೊಟ್ಟ ಹೋಗಬೇಕು ನೋಡ್ರಿ!"

ಭಾಷೆ ಬದಲಿಸಿದ ಆಡು

ಮಾಸ್ತರರ ಮನೆಯ ಮುಂದೆ ಜಾತ್ರೆಯಂತೆ ಜನ ಸೇರಿದ್ದರು. ಸಾಲೆಯ ಹುಡುಗರು ಬಂದಿದ್ದರು, ಅವರ ತಂದೆಯಂದಿರೂ ಬಂದಿದ್ದರು. ಆಳೆತ್ತರದ ಆಡುಸೋಗೆಯ ಬೇಲಿ, ಆಗಷ್ಟೇ ನೀರು ಚಿಮುಕಿಸಿದಂತೆ ಹಸಿಯಾಗಿ ಹೊಳೆಯುತ್ತಿತ್ತು. ಖಾಲಾ ಆಡನ್ನು ಬಿಟ್ಟಳು.

ಆಡು ಬೇಲಿಯ ಹತ್ತಿರ ಹೋಯಿತು, ಮೂಸಿತು. ಕಾಕಾ ನಮ್ಮ ಕಡೆ ತಿರುಗಿ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದೆ ಕಚಕಚ ಸದ್ದು. ಆಡು ಒಂದು ಎಲೆ ತಿಂದು, ಇನ್ನೊಂದು ತಿಂದು, ಆಮೇಲೆ ಮುಂಗಾಲು ಬೇಲಿಯ ಮೇಲಿಟ್ಟು ಟೊಂಗೆಯನ್ನೇ ಬಗ್ಗಿಸಿಕೊಂಡು ಮೇಯತೊಡಗಿತು.

ಜನ ಹೋ ಎಂದು ಕೂಗಿದರು. ಮಾಸ್ತರರನ್ನು ಹುಡುಗರು ಎತ್ತಿಕೊಳ್ಳುವುದೊಂದು ಬಾಕಿ. ಮಾಸ್ತರರು ಮಾತ್ರ ಕೆಮ್ಮುತ್ತ ನಿಂತಿದ್ದರು. ಕಾಕಾ ಸುಮ್ಮನೆ ಬೇಲಿಯ ಹತ್ತಿರ ಹೋಗಿ, ಒಂದು ಎಲೆ ಕಿತ್ತು ಬಾಯಲ್ಲಿಟ್ಟುಕೊಂಡರು. ತಿನ್ನಲಿಲ್ಲ, ಉಗುಳಲೂ ಇಲ್ಲ. ಒಂದು ಸಲ ಮಾಸ್ತರರ ಮುಖ ನೋಡಿದರು. ಮತ್ತೆ ಸುತ್ತ ನಿಂತಿದ್ದ ಹುಡುಗರನ್ನು ನೋಡಿದರು. "ನಡೀರಿ" ಅಂದರು ನಮಗೆ. ಯಾವನೋ ಒಬ್ಬ ಗುಂಪಿನಿಂದ ಅಂದದ್ದು ಬಹಳ ದಿನ ಎರಡೂ ಊರಲ್ಲಿ ಓಡಾಡಿತು.

"ಮಿರಜದಾಗಿದ್ದಾಗ ಕನ್ನಡ ಆಡು. ನಾಕಾ ದಾಟಿದ ಕೂಡಲೆ ಸಂಸ್ಕೃತ ಕಲೀತು!"

ವಾಪಸು ಬರುವಾಗ ನಾಕಾದ ಕಾರಕೂನ ಹಗ್ಗ ಹಿಡಿದೇ ಕೇಳಿದ. "ಅರ್ಥ ಸಿಕ್ತೇನ್ರಿ ಕಾಕಾ?" ಕಾಕಾ ನೆಲ ನೋಡುತ್ತ ಹಗ್ಗದ ಮುಂದೆ ನಿಂತರು. "ಸಿಗಲಿಲ್ಲಂದ್ರ ಜಕಾತಿ ಇಲ್ಲ, ಹೋಗ್ರಿ" ಎಂದು ಅವನು ಹಗ್ಗ ಇಳಿಸಿದ.

ಬರೀ ಎಲೆ

ಅವತ್ತಿನಿಂದ ಕಾಕಾ ಅರ್ಥ ಹೇಳುವುದು ಬಿಟ್ಟರು. ಕೆಮ್ಮುತ್ತ ಬಂದವರಿಗೆ ಪೊಟ್ಟಣ ಕಟ್ಟಿ ಕೊಟ್ಟರು, ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಾಸ್ತರರೂ ಕಟ್ಟೆಗೆ ಬರುವುದು ಬಿಟ್ಟರು. ಸಂಜೆ ರಸ್ತೆಯ ಆ ಬದಿಯಿಂದ, ಕೊಡೆ ಮರೆ ಮಾಡಿಕೊಂಡು, ಕೆಮ್ಮು ತಡೆದುಕೊಂಡು ಸ್ಟೇಷನ್ನಿಗೆ ಹೋಗುವರು. ಕೆಮ್ಮು ತಡೆದರೆ ನಿಲ್ಲುತ್ತದೆಯೇ? ನಮ್ಮ ಅಂಗಡಿ ದಾಟಿದ ಕೂಡಲೆ ಒಮ್ಮೆಲೇ ಒದ್ದುಕೊಂಡು ಬರುವುದು. ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು, ಆ ಕೆಮ್ಮು ಸ್ಟೇಷನ್ನಿನ ತಿರುವಿನಲ್ಲಿ ಮರೆಯಾಗುವವರೆಗೆ ಕೇಳುತ್ತ ಕೂರುವರು. ಆಮೇಲೆ ಆಳಿನ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟು, "ರೈಲಿನ್ಯಾಗ ಅವರ ಬಾಜೂಕ ಇಟ್ಟು ಬಾ. ಯಾರು ಕೊಟ್ರಂತ ಹೇಳಬ್ಯಾಡ" ಅನ್ನುವರು.

ಎರಡು ಮಳೆಗಾಲ ಹೀಗೇ ಹೋದವು. ದಿನಾ ಸಂಜೆ ಒಂದು ಗಂಟೆ ಕೂತು ನಗಬೇಕಾಗಿದ್ದ ಇಬ್ಬರು, ರಸ್ತೆಯ ಆಚೆ ಒಬ್ಬರು, ಈಚೆ ಒಬ್ಬರು.

ಆ ನಡುವೆ ಆರಗದ ರೈತ ಮತ್ತೆ ಬಂದ. ಎಲೆ ತೆಗೆದುಕೊಂಡ, ಸ್ವಲ್ಪ ಹೊತ್ತು ನಿಂತ. ಕಾಕಾ ಏನೂ ಹೇಳಲಿಲ್ಲ. ಅವನು ಹೋದ. ಎಂಟೊಂಬತ್ತು ದಿನದಲ್ಲಿ ಬಂಡಿ ಕಟ್ಟಿಕೊಂಡು ಮತ್ತೆ ಹಾಜರು.

"ಕಾಕಾ, ಈ ಸಲದ ಔಷಧ ಯಾರಿಗೂ ಹತ್ತಲಿಲ್ರಿ. ನಮ್ಮವ್ವ ಅಂತಾಳ, ಅರ್ಥ ಹಾಕೋದು ಮರತಾರ, ಹೋಗಿ ಹಾಕಿಸ್ಕೊಂಡು ಬಾ ಅಂತ."

ಕಾಕಾ ಒಳಗೆದ್ದು ಹೋದರು. ಅರ್ಥ ನಾನೇ ಹೇಳಿ ಕಳಿಸಿದೆ. ಗುಣ ಬಂತೋ ಇಲ್ಲವೋ ತಿಳಿಯಲಿಲ್ಲ.

ಬೆಲ್ಲ

ಒಂದು ಸಂಜೆ ಅಂಗಡಿ ತುಂಬ ಗಿರಾಕಿಗಳಿದ್ದರು. ಮಾಸ್ತರರು ರಸ್ತೆ ದಾಟಿ ಈಚೆ ಬಂದರು. ನಾನು ಹತ್ತಿರದಿಂದ ಅವರನ್ನು ನೋಡಿ ಬಹಳ ದಿನವಾಗಿತ್ತು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಕೋಟು ಮೈಮೇಲೆ ತೂಗುಹಾಕಿದಂತಿತ್ತು. ಕಟ್ಟೆ ಹತ್ತಿ, ಕಂಬ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು.

"ಶೇಟಜಿ, ಆಡು ಮುಟ್ಟದ ಸೊಪ್ಪು ಕೊಡ್ರಿ."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕಾಕಾ ಮೆಲ್ಲಗೆ ಪೊಟ್ಟಣ ಕಟ್ಟಿದರು, ದಾರ ಸುತ್ತಿದರು. ಮಾಸ್ತರರು ಕೈಚಾಚಿದರು. ಕಾಕಾ ಕೈಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. ಎರಡು ವರ್ಷಗಳ ನಂತರ ಆ ಕೈ ಹಾಗೆ ಹಿಂದಕ್ಕೆ ಬಂದದ್ದನ್ನು ನೋಡಿ ನಾನು ತಕ್ಕಡಿ ಕೆಳಗಿಟ್ಟೆ.

"ಮೊದಲ ಅರ್ಥ ಹೇಳ್ರಿ."

ಮಾಸ್ತರರು ಹೇಳಿದರು. ಆಡು ಅಂದ್ರ ಮೇಕಿ, ಸೋಗಿ ಅಂದ್ರ ಎಲಿ, ಜಾಲಿ ಮುಳ್ಳ ತಿಂತದ, ಬೇವು ತಿಂತದ. ಮಾತಿಗೊಮ್ಮೆ ಕೆಮ್ಮು. ಒಂದು ಮಾತೂ ಬಿಡದೆ, ಪಾಠ ಒಪ್ಪಿಸುವ ಹುಡುಗನಂತೆ ಪೂರ್ತಿ ಹೇಳಿ, "ಹೆಸರಿಟ್ಟಾಂವ ಶಾಣ್ಯಾ. ಅದನ್ನ ನಿಮಗ ಹೇಳಿಕೊಟ್ಟಾಕಿ ಅವನಕಿಂತ ಶಾಣ್ಯಾಕಿ" ಅಂದರು.

ಕಾಕಾ ಪೊಟ್ಟಣವನ್ನು ಅರ್ಧ ಮುಂದೆ ಚಾಚಿದರು. ಆದರೂ ಬಿಡಲಿಲ್ಲ. "ಮತ್ತ ಸಾಂಗಲಿಯಾಗ ಆಡು ತಿಂತಲ್ರಿ?"

"ಅದು ಎಲಿ ತಿನ್ನಲಿಲ್ರಿ ಶೇಟಜಿ. ಬೆಲ್ಲ ತಿಂತು. ನಸುಕಿನ್ಯಾಗೆದ್ದು ಬೆಲ್ಲದ ನೀರು ಮಾಡಿ, ಒಂದೀಟು ಉಪ್ಪು ಹಾಕಿ, ಬೇಲಿಗೆಲ್ಲಾ ನಾನs ಚಿಮುಕಿಸಿದ್ದೆ. ಹುಡುಗರ ಮುಂದ ಸೋಲೋದು ಬ್ಯಾಡಾಗಿತ್ತು."

"ಗೊತ್ತೈತಿ."

"ಗೊತ್ತೈತಿ ಅಂದ್ರ?"

"ಅವತ್ತs ಎಲಿ ಬಾಯಾಗ ಇಟ್ಟು ನೋಡೀನಲ್ರಿ. ಬೆಲ್ಲ ಮಾರಾಂವಗ ಬೆಲ್ಲದ ರುಚಿ ತಿಳಿಯಂಗಿಲ್ಲೇನು?"

"ಅಲ್ಲೇ ಯಾಕ ಅನ್ನಲಿಲ್ಲ?"

"ನಿಮ್ಮ ಸಾಲಿ ಹುಡುಗರು ನಿಂತಿದ್ರು. ಅವರ ಮುಂದ ಮಾಸ್ತರನ್ನ ಸುಳ್ಳಾ ಅನ್ನಾಕ ನನಗ ಬಾಯಿ ಬರಲಿಲ್ಲ. ನೀವs ಬಂದು ಹೇಳ್ತೀರಿ ಅಂತ ಕುಂತೆ. ಭಾಳ ತಡಾ ಮಾಡಿದ್ರಿ ಮಾಸ್ತರ."

ಮಾಸ್ತರರು ತಲೆ ತಗ್ಗಿಸಿದರು. ಆಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದರು.

"ಬೆಲ್ಲ ಯಾರ ಅಂಗಡೀದು?"

"ನಿಮ್ಮದs."

"ಅದಕ್ಕs ತಿಂತು! ನಮ್ಮ ಬೆಲ್ಲ ಹಚ್ಚಿದ್ರ ಆಡು ನಿಮ್ಮ ಸಂಸ್ಕೃತ ಪುಸ್ತಕಾನೂ ತಿಂತೈತಿ!"

ಮಾಸ್ತರರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು, ಕಾಕಾ ಅವರ ಬೆನ್ನು ನೀವುತ್ತ ತಾವೂ ಕಣ್ಣೀರು ಬರುವಂತೆ ನಕ್ಕರು. ಅವತ್ತು ಅಂಗಡಿಯಲ್ಲಿದ್ದ ಗಿರಾಕಿಗಳಿಗೆ ಯಾರೂ ಏನೂ ಮಾರಲಿಲ್ಲ. ಹೊರಡುವಾಗ ಕಾಕಾ "ನಾಳೆ ಬರ್ರಿ, ಗೂಳೀದೊಂದು ಜಗಳ ಉಳದೈತಿ" ಅಂದರು. ಮಾಸ್ತರರು ಮೆಟ್ಟಿಲಿಳಿಯುತ್ತ ತಿರುಗಿ, "ಬರ್ತೀನಿ. ಆದ್ರ ಗೂಳಿ ಹಿಡಕೊಂಡು ನಾಕಾ ದಾಟೋರು ನೀವು, ನಾ ಅಲ್ಲ" ಅಂದರು.

ಮರುದಿನ ಕಾಕಾ ಕಷಾಯ ಕಾಸಿಟ್ಟರು. ಮಾಸ್ತರರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆ ವಾರದಲ್ಲೇ ಸಾಂಗಲಿಯಿಂದ ಮಾಸ್ತರರ ಮಣ್ಣಿಗೆ ಬರಹೇಳಿ ಆಳು ಬಂದ.

ಎಲ್ಲ ಮುಗಿಸಿಕೊಂಡು ಕಾಕಾ ಮತ್ತು ನಾನು ನಡೆದೇ ವಾಪಸು ಹೊರಟೆವು. ಹೊರಡುವ ಮುಂಚೆ ಕಾಕಾ ಆ ಬೇಲಿಯ ಮುಂದೆ ನಿಂತು ಒಂದು ಎಲೆ ಕಿತ್ತು ಬಾಯಲ್ಲಿಟ್ಟುಕೊಂಡರು. "ಕಹಿ ಐತಿ" ಅಂದರು, ನುಂಗಿದರು.

ನಾಕಾದಲ್ಲಿ ಅದೇ ಕಾರಕೂನ. ನಾವು ಎಲ್ಲಿಂದ ಬರುತ್ತಿದ್ದೇವೆ ಎಂದು ಪಾಪ, ಅವನಿಗೆ ಗೊತ್ತಿಲ್ಲ. ಕಾಕಾನನ್ನು ಬಹಳ ದಿನದ ಮೇಲೆ ಕಂಡು ಖುಷಿಯಾಗಿ, ಹಗ್ಗ ಗಟ್ಟಿ ಹಿಡಿದು, ಹಳೆಯ ಪ್ರಶ್ನೆಯನ್ನೇ ಕೇಳಿದ.

"ಏನ್ ಕಾಕಾ, ಅರ್ಥ ಸಿಕ್ತೇನು?"

ನಾನು ಅವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡುವುದರೊಳಗೆ ಕಾಕಾ ನಿಂತರು. ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡರು.

"ಸಿಕ್ತಪಾ."

"ಹಂಗಾರ ಜಕಾತಿ ತಗೀರಿ!" ಎಂದು ಅವನು ನಗುತ್ತ ಕೈಯೊಡ್ಡಿದ.

"ಕೊಟ್ಟ ಬಂದೇನಿ" ಅಂದರು ಕಾಕಾ. "ಸಾಂಗಲಿಯಾಗ."